ಒಂದು ಬಕೆಟ್ ಬಿಸಿನೀರು, 427 ಬಕೆಟ್ ತಣ್ಣೀರು

ಹೊಸಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಡುಗೆಗೆ ಇಂಡಕ್ಷನ್ ಒಲೆ, ಸ್ನಾನಕ್ಕೆ ಗೀಸರ್. ಕಟ್ಟಿಗೆಯೂ ಇಲ್ಲ, ಗ್ಯಾಸೂ ಇಲ್ಲ. ಅಂಥ ಮನೆಯಲ್ಲಿ ನೀವಿದ್ದೀರಿ ಎಂದುಕೊಳ್ಳಿ. ತಿಂಗಳ ಕೊನೆಗೆ ಮೀಟರು 200 ಯೂನಿಟ್ ದಾಟೀತೇ ಎಂಬುದೇ ಚಿಂತೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಆ ಮಿತಿ ದಾಟಿದ ತಿಂಗಳು ಇಡೀ ಬಿಲ್ಲನ್ನು ನೀವೇ ತೆರಬೇಕು. ಮಿತಿ ದಾಟಿಸುವುದು ಬಲ್ಬೂ ಅಲ್ಲ, ಟಿ.ವಿ.ಯೂ ಅಲ್ಲ, ಹೆಚ್ಚಾಗಿ ಶಾಖ. ಶಾಖಕ್ಕೇ ಏಕಿಷ್ಟು ವಿದ್ಯುತ್ತು?

ಇದನ್ನು ಮೊದಲು ಅಳೆದು ಹೇಳಿದವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್. ಅವನದು ಬಿಯರ್ ತಯಾರಿಸುವ ಮನೆತನ. ಉಗಿಯಂತ್ರದ ಬದಲು ವಿದ್ಯುತ್ ಮೋಟಾರು ಅಗ್ಗವಾದೀತೇ ಎಂದು ಅವನು ಲೆಕ್ಕ ಹಾಕಿದ. ಬ್ಯಾಟರಿಯಲ್ಲಿ ಸವೆಯುವ ಸತುವಿನ ಬೆಲೆ ಕಲ್ಲಿದ್ದಲಿಗಿಂತ ಬಹಳ ಹೆಚ್ಚೆಂದು ತಿಳಿದು ನಿರಾಶನಾದ. ಭೌತವಿಜ್ಞಾನಕ್ಕೆ ಅದೇ ಲಾಭವಾಯಿತು! 1841ರಲ್ಲಿ, ತಂತಿಯಲ್ಲಿ ಹುಟ್ಟುವ ಶಾಖವು ರೋಧಕ್ಕೂ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುತ್ತದೆಂದು ತೋರಿಸಿದ. ಬೀಳುವ ತೂಕಗಳಿಂದ ನೀರಿನೊಳಗೆ ಹುಟ್ಟುಚಕ್ರ ತಿರುಗಿಸಿ, ಕೆಲಸಕ್ಕೂ ಶಾಖಕ್ಕೂ ಇರುವ ವಿನಿಮಯ ದರವನ್ನು 1850ರಲ್ಲಿ ನಿಖರವಾಗಿ ಪ್ರಕಟಿಸಿದ. ಇಂದಿನ ಮೌಲ್ಯಕ್ಕಿಂತ ಅದು ಶೇಕಡಾ ಒಂದರಷ್ಟೂ ಕಡಿಮೆಯಿರಲಿಲ್ಲ. ನಮ್ಮ ಮಾನಗಳಲ್ಲಿ ಹೇಳುವುದಾದರೆ, 1 ಕಿಲೋಗ್ರಾಂ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಅಷ್ಟೇ ನೀರು 427 ಮೀಟರ್ ಎತ್ತರದಿಂದ ಬೀಳಬೇಕು. ನಯಾಗರಾದ ಬುಡದಲ್ಲಿ ನೀರು ಫ್ಯಾರನ್‌ಹೀಟ್ ಡಿಗ್ರಿಯ ಐದನೆಯ ಒಂದಂಶ ಮಾತ್ರ ಬೆಚ್ಚಗಿರಬೇಕೆಂದು ಅವನು 1845ರಲ್ಲೇ ಬರೆದಿದ್ದ.

ಈಗ ನಮ್ಮ ತುಂಗಭದ್ರೆಗೆ ಬನ್ನಿ. 1945ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಆ ದಶಕದ ಕೊನೆಯ ಹೊತ್ತಿಗೆ ವಿದ್ಯುತ್ತೂ ಬಂತು. ಅಣೆಕಟ್ಟಿನ ಬುಡದಲ್ಲೊಂದು, ಹಂಪಿಯ ಬಳಿ ಇನ್ನೊಂದು ವಿದ್ಯುದಾಗಾರ ಇವೆ. ಲೆಕ್ಕಕ್ಕೆಂದು ನೀರು 20 ಮೀಟರ್ ಬೀಳುತ್ತದೆನ್ನೋಣ. 15 ಲೀಟರಿನ ಬಕೆಟ್ಟನ್ನು 25ರಿಂದ 45 ಡಿಗ್ರಿಗೆ ಏರಿಸಬೇಕು, ಅಂದರೆ 20 ಡಿಗ್ರಿ. ಎರಡು ಇಪ್ಪತ್ತುಗಳು ಒಂದನ್ನೊಂದು ಹೊಡೆದುಹಾಕಿ ಜೌಲನ ಸಂಖ್ಯೆಯೇ ಉಳಿಯುತ್ತದೆ: ನಿಮ್ಮ ಒಂದು ಬಕೆಟ್ಟಿಗಾಗಿ 427 ಬಕೆಟ್ ನೀರು ಟರ್ಬೈನಿನ ಮೂಲಕ ಇಳಿಯಬೇಕು. ಯಂತ್ರ ಮತ್ತು ತಂತಿಗಳ ನಷ್ಟ ಸೇರಿಸಿದರೆ ಐನೂರನ್ನೂ ದಾಟುತ್ತದೆ. ಆ ನೀರೇನೂ ಖರ್ಚಾಗುವುದಿಲ್ಲ, ಕಾಲುವೆ ಹಿಡಿದು ಕಂಪ್ಲಿಯ ಭತ್ತದ ಗದ್ದೆ ಸೇರಬಹುದು. ಖರ್ಚಾದದ್ದು ಎತ್ತರ ಮಾತ್ರ.

ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಗ್ರಿಡ್ಡಿಗೆ ಕುಡತಿನಿಯಂಥ ಉಷ್ಣಸ್ಥಾವರಗಳೇ ಮುಖ್ಯ ಆಸರೆ. ಅಲ್ಲಿ ಕಲ್ಲಿದ್ದಲಿನ ಶಾಖದ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಕಿಲೋಗ್ರಾಮಿಗೆ 4,000 ಕಿಲೋಕ್ಯಾಲರಿ ಕೊಡುವ ಕಲ್ಲಿದ್ದಲಾದರೆ ನಿಮ್ಮ ಬಕೆಟ್ಟಿಗೆ ಹತ್ತಿರಹತ್ತಿರ ಕಾಲು ಕಿಲೋ. ಶಾಖವನ್ನು ವಿದ್ಯುತ್ತಾಗಿಸಿ, ಮತ್ತೆ ಶಾಖವಾಗಿಸುವುದು ನನಗಂತೂ ವಿಚಿತ್ರವಾಗಿಯೇ ಕಾಣುತ್ತದೆ. ಸಂಡೂರಿನ ಕಡೆಯ ಹಳೆಯ ಮನೆಗಳ ಬಚ್ಚಲ ಹಂಡೆಗೆ ಬಳ್ಳಾರಿ ಜಾಲಿ ಉರಿಸುತ್ತಿದ್ದವರು ಈ ಸುತ್ತುದಾರಿ ಹಿಡಿದಿರಲಿಲ್ಲ. ಆದರೆ ಆ ಒಲೆಯೂ ಬಹಳಷ್ಟು ಶಾಖವನ್ನು ಚೆಲ್ಲುತ್ತಿತ್ತು. ಹೊಗೆ ಕುಡಿದವರು ಮನೆಯ ಹೆಂಗಸರು. ಅದಕ್ಕೆ ಮರಳಿ ಎನ್ನಲಾರೆ. ಸೂರ್ಯಶಾಖದ ಹೀಟರು ಒಳ್ಳೆಯ ದಾರಿ, ಆದರೆ ಬಾಡಿಗೆದಾರನಿಗೆ ತಾರಸಿ ಎಲ್ಲಿದೆ?

ಉಳಿದದ್ದು ಅಳತೆ. ಒಂದು ಬಕೆಟ್ಟಿಗೆ 0.35 ಯೂನಿಟ್. ದಿನಕ್ಕೆ ನಾಲ್ಕು ಬಕೆಟ್ಟಾದರೆ ತಿಂಗಳಿಗೆ 42 ಯೂನಿಟ್, ಅಂದರೆ 200ರಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು. ಬೆಳಿಗ್ಗೆಯಿಂದ ಸ್ವಿಚ್ ಹಾಕಿಯೇ ಬಿಟ್ಟ ಗೀಸರು ಗೋಡೆಗೆ ಸೋರಿಸುವ ಶಾಖ ಇದರಲ್ಲಿ ಸೇರಿಲ್ಲ. ಸ್ನಾನಕ್ಕೆ 40 ಡಿಗ್ರಿ ಸಾಕೆಂದರೆ ಬಕೆಟ್ಟಿನ ಲೆಕ್ಕದಲ್ಲಿ ಕಾಲುಭಾಗ ಉಳಿಯುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. 1 ಕಿಲೋವಾಟ್ ಕಾಯಿಲು, 15 ಲೀಟರ್ ನೀರು, ಉಷ್ಣತಾಮಾಪಕ, ಗಡಿಯಾರ ಇಷ್ಟಿದ್ದರೆ ಸಾಕು. 20 ಡಿಗ್ರಿ ಏರಲು 21 ನಿಮಿಷ ಬೇಕೆನ್ನುತ್ತದೆ ಲೆಕ್ಕ. ನಿಮಗೆ ಇನ್ನೂ ಒಂದೆರಡು ನಿಮಿಷ ಹೆಚ್ಚು ಹಿಡಿದರೆ, ಆ ಶಾಖ ಎಲ್ಲಿ ಹೋಯಿತೆಂದು ವಿದ್ಯಾರ್ಥಿಗಳನ್ನೇ ಕೇಳಿ. ನೀರನ್ನು ಕಲಕುವ ಮೊದಲು ಪ್ಲಗ್ ಕಿತ್ತಿರಲಿ.