ಲ್ಯಾಪ್‌ಟಾಪ್‌ಗೆ ಬಾಹ್ಯ ಮಾನಿಟರ್ ಜೋಡಣೆ

ಲ್ಯಾಪ್‌ಟಾಪ್‌ಗೆ ಬಾಹ್ಯ ಮಾನಿಟರ್ ಜೋಡಣೆ ಎಂದರೆ ಲ್ಯಾಪ್‌ಟಾಪ್‌ನ ಸ್ವಂತ ಪರದೆಯ ಜೊತೆಗೆ ಅಥವಾ ಅದರ ಬದಲಿಗೆ ಪ್ರತ್ಯೇಕವಾದ ಮಾನಿಟರ್, ಟಿವಿ ಅಥವಾ ಪ್ರೊಜೆಕ್ಟರಿನಲ್ಲಿ ಚಿತ್ರ ಮೂಡುವಂತೆ ಮಾಡುವುದು. ಲ್ಯಾಪ್‌ಟಾಪ್‌ನ ಪೋರ್ಟ್, ನಡುವಿನ ಕೇಬಲ್ ಮತ್ತು ಮಾನಿಟರಿನ ಪೋರ್ಟ್ ಈ ಮೂರೂ ಒಂದೇ ಬಗೆಯ ಸಂಕೇತವನ್ನು ಅರ್ಥಮಾಡಿಕೊಂಡಾಗ ಮಾತ್ರ ಜೋಡಣೆ ಕೆಲಸ ಮಾಡುತ್ತದೆ. ಕೇಬಲಿನ ತುದಿ ಪೋರ್ಟಿನೊಳಗೆ ಸರಿಯಾಗಿ ಕೂಡುವುದಷ್ಟೇ ಸಾಲದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂತಹ ಮಲೆನಾಡು ತಾಲ್ಲೂಕುಗಳಲ್ಲಿ ಇದರೊಂದಿಗೆ ಸಿಡಿಲು, ಅರ್ಥಿಂಗ್ ಹಾಗೂ ವಿದ್ಯುತ್ ಕಡಿತಗಳನ್ನೂ ಗಮನದಲ್ಲಿಟ್ಟುಕೊಳ್ಳಬೇಕಾಗುತ್ತದೆ.

## ಉಪಯೋಗಗಳು

ಲ್ಯಾಪ್‌ಟಾಪ್ ಪರದೆಗಳು ಸಾಮಾನ್ಯವಾಗಿ 13ರಿಂದ 16 ಅಂಗುಲದಷ್ಟಿರುತ್ತವೆ. ಒಂದು ಕಡೆ ಪಾಠದ ವಿಡಿಯೊ ಅಥವಾ ಮೂಲ ದಾಖಲೆಯನ್ನು ತೆರೆದಿಟ್ಟು ಇನ್ನೊಂದು ಕಡೆ ಬರೆಯಲು ಎರಡನೆಯ ಪರದೆ ನೆರವಾಗುತ್ತದೆ. ಮಾನಿಟರನ್ನು ಕಣ್ಣಿನ ಮಟ್ಟಕ್ಕೆ ಏರಿಸಿಡಬಹುದಾದ್ದರಿಂದ ದೀರ್ಘಕಾಲ ಕೆಲಸ ಮಾಡುವವರ ಕುತ್ತಿಗೆಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ. 2020ರ ಮಾರ್ಚ್‌ನಲ್ಲಿ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದ ನಂತರ ಮನೆಯಿಂದ ಕೆಲಸ ಮತ್ತು ಆನ್‌ಲೈನ್ ತರಗತಿಗಳು ಹೆಚ್ಚಿದಾಗ ಮನೆಯ ಟಿವಿಯನ್ನೇ ಮಾನಿಟರ್ ಆಗಿ ಬಳಸುವ ರೂಢಿಯೂ ಬೆಳೆಯಿತು.

ಲ್ಯಾಪ್‌ಟಾಪ್‌ನ ಪರದೆ ಒಡೆದಾಗ ಅಥವಾ ಕೆಟ್ಟಾಗಲೂ ಬಾಹ್ಯ ಮಾನಿಟರ್ ಉಪಯುಕ್ತ. ಉಳಿದ ಭಾಗಗಳು ಸರಿಯಿದ್ದರೆ ಮಾನಿಟರನ್ನೋ ಟಿವಿಯನ್ನೋ ಜೋಡಿಸಿ ಕಡತಗಳನ್ನು ಬೇರೆಡೆಗೆ ನಕಲಿಸಿಕೊಳ್ಳಬಹುದು.

## ಕರ್ನಾಟಕದಲ್ಲಿ ಎರಡನೆಯ ಪರದೆ

ಕರ್ನಾಟಕದ ಆಡಳಿತದಲ್ಲಿ ಎರಡನೆಯ ಪರದೆಯ ಗಮನಾರ್ಹ ಬಳಕೆ ಕಂಡುಬಂದುದು ಭೂದಾಖಲೆಗಳ ಗಣಕೀಕರಣ ಯೋಜನೆಯಾದ ‘ಭೂಮಿ’ಯಲ್ಲಿ. 2000ದ ದಶಕದ ಆರಂಭದಲ್ಲಿ ರಾಜ್ಯದ ಅಂದಿನ 177 ತಾಲ್ಲೂಕುಗಳಲ್ಲಿ ಪಹಣಿ ವಿತರಣೆಯ ಕಿಯೋಸ್ಕ್‌ಗಳು ಬಂದವು. ಈ ಕಿಯೋಸ್ಕ್‌ಗಳ ವಿನ್ಯಾಸದಲ್ಲಿ ಸಿಬ್ಬಂದಿಯ ಪರದೆಯ ಜೊತೆಗೆ ರೈತರ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯೂ ಸೇರಿತ್ತು. ತನ್ನ ಜಮೀನಿನ ಯಾವ ವಿವರವನ್ನು ಸಿಬ್ಬಂದಿ ನೋಡುತ್ತಿದ್ದಾರೆ ಎಂಬುದನ್ನು ರೈತ ಆ ಕ್ಷಣದಲ್ಲೇ ಕಾಣಲಿ ಎಂಬುದು ಇದರ ಉದ್ದೇಶ. ಒಂದೇ ಚಿತ್ರವನ್ನು ಎರಡು ಪರದೆಗಳಲ್ಲಿ ತೋರಿಸುವ ಈ ಕ್ರಮವನ್ನೇ ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ‘ನಕಲು ವಿಧಾನ’ದ ಮೂಲಕ ಪಡೆಯಲಾಗುತ್ತದೆ.

## ಪೋರ್ಟ್‌ಗಳ ಬಗೆಗಳು

- ವಿಜಿಎ: 1987ರಲ್ಲಿ ಐಬಿಎಂ ತನ್ನ ಪಿಎಸ್/2 ಗಣಕಗಳೊಂದಿಗೆ ತಂದದ್ದು. 15 ಪಿನ್‌ಗಳ ಈ ಪೋರ್ಟ್ ಅನಲಾಗ್ ಸಂಕೇತವನ್ನು ಒಯ್ಯುತ್ತದೆ, ಧ್ವನಿಯನ್ನು ಒಯ್ಯುವುದಿಲ್ಲ. ಹಳೆಯ ಮಾನಿಟರ್ ಹಾಗೂ ಪ್ರೊಜೆಕ್ಟರುಗಳಲ್ಲಿ ಇಂದಿಗೂ ಕಾಣಸಿಗುತ್ತದೆ.
- ಎಚ್‌ಡಿಎಂಐ: 2002ರಲ್ಲಿ ಪ್ರಕಟವಾದ ಡಿಜಿಟಲ್ ಮಾನಕ. ಚಿತ್ರ ಮತ್ತು ಧ್ವನಿ ಒಂದೇ ಕೇಬಲಿನಲ್ಲಿ ಸಾಗುತ್ತವೆ. 2009ರ 1.4 ಆವೃತ್ತಿಯು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ತೋರಿಸಬಲ್ಲದು; 2013ರ 2.0 ಆವೃತ್ತಿ ಅದನ್ನು 60ಕ್ಕೆ ಏರಿಸಿತು.
- ಡಿಸ್‌ಪ್ಲೇಪೋರ್ಟ್: ವೆಸಾ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಾನಕ. ಮುಖ್ಯವಾಗಿ ಗಣಕದ ಮಾನಿಟರುಗಳಲ್ಲಿ ಬಳಕೆಯಲ್ಲಿದೆ.
- ಯುಎಸ್‌ಬಿ-ಸಿ: 2014ರಲ್ಲಿ ಬಂದ, ತಲೆಕೆಳಗು ಮಾಡಿಯೂ ಚುಚ್ಚಬಹುದಾದ 24 ಪಿನ್‌ಗಳ ಪೋರ್ಟ್. ಮಾಹಿತಿ, ಚಿತ್ರ ಮತ್ತು ವಿದ್ಯುತ್ ಮೂರನ್ನೂ ಒಯ್ಯಬಲ್ಲದು.

ಲ್ಯಾಪ್‌ಟಾಪ್‌ಗಳ ಎಚ್‌ಡಿಎಂಐ ಪೋರ್ಟ್ ಸಾಮಾನ್ಯವಾಗಿ ಚಿತ್ರವನ್ನು ಹೊರಗೆ ಕಳುಹಿಸಲು ಮಾತ್ರ ಇರುತ್ತದೆ. ಆದ್ದರಿಂದ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಎಚ್‌ಡಿಎಂಐ ಕೇಬಲ್ ಹಾಕಿ ಒಂದನ್ನು ಇನ್ನೊಂದರ ಮಾನಿಟರ್ ಆಗಿ ಬಳಸಲು ಬರುವುದಿಲ್ಲ.

## ಆಕಾರ ಮತ್ತು ಸಂಕೇತದ ವ್ಯತ್ಯಾಸ

ಹೆಚ್ಚಿನ ಗೊಂದಲ ಉಂಟಾಗುವುದು ಯುಎಸ್‌ಬಿ-ಸಿ ಪೋರ್ಟಿನಲ್ಲಿ. ಈ ಹೆಸರು ಪೋರ್ಟಿನ ಆಕಾರವನ್ನು ಸೂಚಿಸುತ್ತದೆಯೇ ಹೊರತು ಅದರ ಸಾಮರ್ಥ್ಯವನ್ನಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಮಾಹಿತಿ ವರ್ಗಾವಣೆಗೆ ಮಾತ್ರ ಇರುತ್ತದೆ, ಇನ್ನು ಕೆಲವುಗಳಲ್ಲಿ ಚಾರ್ಜಿಂಗ್ ಕೂಡ ಸಾಧ್ಯ. ಚಿತ್ರ ಹೊರಬರಬೇಕಾದರೆ ಪೋರ್ಟಿನಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟರ್ನೇಟ್ ಮೋಡ್’ ಅಥವಾ ಥಂಡರ್‌ಬೋಲ್ಟ್ ಸೌಲಭ್ಯವಿರಬೇಕು. ಪೋರ್ಟಿನ ಪಕ್ಕದಲ್ಲಿರುವ ಡಿಸ್‌ಪ್ಲೇಪೋರ್ಟ್ ಅಥವಾ ಮಿಂಚಿನ ಚಿಹ್ನೆ ಇದರ ಸುಳಿವು ನೀಡಬಹುದು. ಆದರೆ ಚಾರ್ಜಿಂಗ್ ಸೂಚಿಸಲೂ ಮಿಂಚಿನಂಥ ಗುರುತನ್ನು ಬಳಸುವುದುಂಟು. ತಯಾರಕರು ಆ ಮಾದರಿಗೆ ನೀಡಿರುವ ತಾಂತ್ರಿಕ ವಿವರಪಟ್ಟಿಯನ್ನು ನೋಡುವುದೇ ಖಚಿತ ಮಾರ್ಗ. ಕೇಬಲಿಗೂ ಇದೇ ಮಾತು ಅನ್ವಯಿಸುತ್ತದೆ: ಮೊಬೈಲ್ ಚಾರ್ಜರಿನೊಂದಿಗೆ ಬರುವ ಹಲವು ಯುಎಸ್‌ಬಿ-ಸಿ ಕೇಬಲ್‌ಗಳಲ್ಲಿ ಚಿತ್ರ ಸಾಗಿಸಲು ಬೇಕಾದ ತಂತಿಗಳೇ ಇರುವುದಿಲ್ಲ.

ಪೋರ್ಟ್‌ಗಳು ಬೇರೆಬೇರೆಯಾಗಿದ್ದರೆ ಅಡಾಪ್ಟರ್ ಬೇಕು. ಲ್ಯಾಪ್‌ಟಾಪ್‌ನ ಎಚ್‌ಡಿಎಂಐಯಿಂದ ಹಳೆಯ ವಿಜಿಎ ಮಾನಿಟರಿಗೆ ಹೋಗುವಾಗ ಡಿಜಿಟಲ್ ಸಂಕೇತ ಅನಲಾಗ್ ಆಗಬೇಕಾದ್ದರಿಂದ, ಒಳಗೆ ಪರಿವರ್ತಕ ಚಿಪ್ ಇರುವ ಅಡಾಪ್ಟರನ್ನೇ ಕೊಳ್ಳಬೇಕು. ಇಂತಹ ಅಡಾಪ್ಟರುಗಳು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ‘ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐ’ ಎಂದಿರುವುದನ್ನು ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ.

ಚಿತ್ರ ಹೊರಹೊಮ್ಮುವ ಯಾವ ಪೋರ್ಟೂ ಇಲ್ಲದ ಲ್ಯಾಪ್‌ಟಾಪ್‌ಗೆ ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದ ಯುಎಸ್‌ಬಿ ಅಡಾಪ್ಟರ್ ಬಳಸಬಹುದು; ಇದಕ್ಕೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ. ಮಿರಾಕಾಸ್ಟ್ ಇರುವ ಟಿವಿಗೆ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ನಿಸ್ತಂತುವಾಗಿಯೂ ಚಿತ್ರ ಕಳುಹಿಸಬಹುದು, ಆದರೆ ತುಸು ವಿಳಂಬ ಇರುತ್ತದೆ.

## ಜೋಡಿಸುವ ಕ್ರಮ

1. ಲ್ಯಾಪ್‌ಟಾಪ್ ಮತ್ತು ಮಾನಿಟರ್ ಎರಡರಲ್ಲೂ ಇರುವ ಪೋರ್ಟ್‌ಗಳನ್ನು ಗುರುತಿಸಿ ತಕ್ಕ ಕೇಬಲನ್ನು ಆರಿಸಬೇಕು.
2. ಮಾನಿಟರಿನ ವಿದ್ಯುತ್ ಸಂಪರ್ಕ ನೀಡುವ ಮೊದಲೇ ಚಿತ್ರದ ಕೇಬಲನ್ನು ಎರಡೂ ಕಡೆ ಪೂರ್ತಿಯಾಗಿ ಕೂಡಿಸುವುದು ಒಳ್ಳೆಯದು.
3. ಮಾನಿಟರನ್ನು ಚಾಲೂ ಮಾಡಿ, ಅದರ ಗುಂಡಿಗಳ ಮೂಲಕ ಕೇಬಲ್ ಹಾಕಿರುವ ಪೋರ್ಟನ್ನೇ ಇನ್‌ಪುಟ್ ಆಗಿ ಆರಿಸಬೇಕು.
4. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀಲಿಯೊಂದಿಗೆ ‘ಪಿ’ ಕೀಲಿಯನ್ನು ಒತ್ತಿ ಪರದೆಯ ವಿಧಾನವನ್ನು ಆರಿಸಬೇಕು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಇದನ್ನು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾಡಲಾಗುತ್ತದೆ.

ಈ ಆಯ್ಕೆಗಳು ನಾಲ್ಕು: ಲ್ಯಾಪ್‌ಟಾಪ್ ಪರದೆ ಮಾತ್ರ, ನಕಲು, ವಿಸ್ತರಣೆ ಮತ್ತು ಎರಡನೆಯ ಪರದೆ ಮಾತ್ರ. ತರಗತಿ ಮತ್ತು ಸಭೆಗಳಿಗೆ ನಕಲು ವಿಧಾನ ಸೂಕ್ತ. ಬರವಣಿಗೆ, ಲೆಕ್ಕಪತ್ರ ಮುಂತಾದವುಗಳಿಗೆ ಎರಡು ಪರದೆಗಳನ್ನು ಒಂದೇ ದೊಡ್ಡ ಮೇಜಿನಂತೆ ಬಳಸುವ ವಿಸ್ತರಣೆ ವಿಧಾನ ಅನುಕೂಲ. ವಿಸ್ತರಣೆಯಲ್ಲಿ ಮೌಸ್ ತಪ್ಪು ಅಂಚಿನಿಂದ ದಾಟುತ್ತಿದ್ದರೆ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1 ಮತ್ತು 2 ಎಂದು ಕಾಣುವ ಚೌಕಗಳನ್ನು ಮೇಜಿನ ಮೇಲಿರುವಂತೆಯೇ ಎಡಬಲಕ್ಕೆ ಎಳೆದು ಕೂರಿಸಬೇಕು.

ಮಾನಿಟರ್ ತಾನು ತೋರಿಸಬಲ್ಲ ರೆಸಲ್ಯೂಷನ್‌ಗಳ ಪಟ್ಟಿಯನ್ನು ಕೇಬಲಿನ ಮೂಲಕವೇ ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಈ ಮಾಹಿತಿಗೆ ‘ಇಡಿಐಡಿ’ ಎಂದು ಹೆಸರು. ಕೇಬಲ್ ಸಡಿಲವಾಗಿ ಈ ಮಾಹಿತಿ ತಲುಪದಿದ್ದರೆ ಮಾನಿಟರ್ ಪತ್ತೆಯಾಗದಿರಬಹುದು ಅಥವಾ ಕಡಿಮೆ ರೆಸಲ್ಯೂಷನ್‌ನಲ್ಲಿ ಮಾತ್ರ ಕಾಣಬಹುದು.

## ಕನ್ನಡ ಅಕ್ಷರಗಳ ಸ್ಪಷ್ಟತೆ

ಕನ್ನಡ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಮೂಡುವುದರಿಂದ ಪರದೆಯ ಪಿಕ್ಸೆಲ್ ಸಾಂದ್ರತೆ ಮುಖ್ಯವಾಗುತ್ತದೆ. 1920×1080 ಪಿಕ್ಸೆಲ್‌ಗಳಿರುವ 15.6 ಅಂಗುಲದ ಲ್ಯಾಪ್‌ಟಾಪ್ ಪರದೆಯಲ್ಲಿ ಅಂಗುಲಕ್ಕೆ ಸುಮಾರು 141 ಪಿಕ್ಸೆಲ್‌ಗಳಿದ್ದರೆ, ಅಷ್ಟೇ ಪಿಕ್ಸೆಲ್‌ಗಳ 24 ಅಂಗುಲದ ಮಾನಿಟರಿನಲ್ಲಿ ಸುಮಾರು 92 ಹಾಗೂ 27 ಅಂಗುಲದ್ದರಲ್ಲಿ ಸುಮಾರು 82 ಇರುತ್ತವೆ. ಪರದೆ ದೊಡ್ಡದಾದಂತೆ ಸಣ್ಣ ಗಾತ್ರದ ಒತ್ತಕ್ಷರಗಳ ಅಂಚು ಒರಟಾಗಿ ಕಾಣಬಹುದು. ಕನ್ನಡ ಪಠ್ಯವನ್ನು ಹೆಚ್ಚಾಗಿ ಓದುವವರಿಗೆ 27 ಅಂಗುಲದಲ್ಲಿ 2560×1440 ಪಿಕ್ಸೆಲ್‌ಗಳ ಮಾನಿಟರ್ ಹೆಚ್ಚು ಹಿತಕರ.

ಎರಡು ಪರದೆಗಳ ಸಾಂದ್ರತೆ ಬೇರೆಯಾಗಿರುವುದರಿಂದ ಪ್ರತಿಯೊಂದಕ್ಕೂ ಪ್ರತ್ಯೇಕ ಸ್ಕೇಲ್ ಪ್ರಮಾಣವನ್ನು ಹೊಂದಿಸಬೇಕು. ಟಿವಿಯಲ್ಲಿ ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಅದು ‘ಓವರ್‌ಸ್ಕ್ಯಾನ್’ ದೋಷ. ಟಿವಿಯ ಚಿತ್ರದ ಅಳತೆಯ ಆಯ್ಕೆಯನ್ನು ಬದಲಿಸಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ.

## ಮಲೆನಾಡಿನಲ್ಲಿ ವಹಿಸಬೇಕಾದ ಎಚ್ಚರ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆಪ್ರದೇಶದಲ್ಲಿವೆ. ಶೃಂಗೇರಿಗೆ ಸಮೀಪದ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಅಡಿಕೆ ಮತ್ತು ಕಾಫಿ ತೋಟಗಳ ನಡುವೆ ಚದುರಿದ ಒಂಟಿ ಮನೆಗಳಿಗೆ ವಿದ್ಯುತ್ ತಂತಿಗಳು ಮರಗಳ ನಡುವೆ ಹಾದುಬರುತ್ತವೆ. ಕೊಂಬೆ ಬಿದ್ದು ಕರೆಂಟ್ ಹೋಗುವುದು ಮಳೆಗಾಲದಲ್ಲಿ ಸಾಮಾನ್ಯ.

### ಸಿಡಿಲು

ಮುಂಗಾರಿಗೆ ಮುನ್ನ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗುಡುಗುಸಿಡಿಲಿನ ಮಳೆ ಬರುತ್ತದೆ. ಬ್ಯಾಟರಿಯ ಮೇಲೆ ನಡೆಯುತ್ತಿರುವ ಲ್ಯಾಪ್‌ಟಾಪ್‌ಗೆ ವಿದ್ಯುತ್ ತಂತಿಯ ಸಂಪರ್ಕವಿರುವುದಿಲ್ಲ. ಆದರೆ ಮಾನಿಟರನ್ನು ಜೋಡಿಸಿದೊಡನೆ ಅದರ ಮೂಲಕ ಲ್ಯಾಪ್‌ಟಾಪ್ ಮತ್ತೆ ಮನೆಯ ವಿದ್ಯುತ್ ಜಾಲಕ್ಕೆ ಸೇರಿಕೊಳ್ಳುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿದಾಗ ತಂತಿಯಲ್ಲಿ ನುಗ್ಗಿಬರುವ ಅಧಿಕ ವೋಲ್ಟೇಜ್ ಮಾನಿಟರನ್ನು ದಾಟಿ, ಎಚ್‌ಡಿಎಂಐ ಕೇಬಲಿನ ಮೂಲಕ ಲ್ಯಾಪ್‌ಟಾಪ್‌ನ ಮದರ್‌ಬೋರ್ಡನ್ನೂ ಸುಡಬಹುದು. ಕೇಬಲ್ ಟಿವಿ ತಂತಿ, ತಾಮ್ರದ ದೂರವಾಣಿ ತಂತಿ ಮತ್ತು ನೆಟ್‌ವರ್ಕ್ ಕೇಬಲ್‌ಗಳೂ ಇಂತಹ ದಾರಿಗಳೇ.

ಸ್ವಿಚ್ ಆರಿಸುವುದು ಇದಕ್ಕೆ ಸಾಕಾಗುವುದಿಲ್ಲ, ಏಕೆಂದರೆ ಸ್ವಿಚ್ಚಿನೊಳಗಿನ ಕಿರಿದಾದ ಅಂತರವನ್ನು ಸಿಡಿಲಿನ ವೋಲ್ಟೇಜ್ ದಾಟಬಲ್ಲದು. ಗುಡುಗು ದೂರದಲ್ಲಿರುವಾಗಲೇ ಮಾನಿಟರಿನ ಪ್ಲಗ್, ಚಾರ್ಜರ್ ಮತ್ತು ಲ್ಯಾಪ್‌ಟಾಪ್ ತುದಿಯ ಚಿತ್ರದ ಕೇಬಲ್ ಮೂರನ್ನೂ ಕಳಚಬೇಕು. ಸಿಡಿಲು ಮನೆಯ ಹತ್ತಿರ ಬಂದ ಮೇಲೆ ಪ್ಲಗ್ ಮತ್ತು ತಂತಿಗಳನ್ನು ಮುಟ್ಟುವುದು ಪ್ರಾಣಕ್ಕೇ ಅಪಾಯ. ಆಗ ಉಪಕರಣವನ್ನು ಅದರ ಪಾಡಿಗೆ ಬಿಡಬೇಕು. ಸರ್ಜ್ ಪ್ರೊಟೆಕ್ಟರ್ ಸಣ್ಣ ಏರಿಳಿತಗಳಿಂದ ರಕ್ಷಿಸುತ್ತದೆ, ನೇರ ಸಿಡಿಲಿನಿಂದಲ್ಲ.

### ಅರ್ಥಿಂಗ್

ಲ್ಯಾಪ್‌ಟಾಪ್‌ನ ಲೋಹದ ಕವಚ ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದರೆ ಅದಕ್ಕೆ ಚಾರ್ಜರಿನ ಸಣ್ಣ ಸೋರಿಕೆ ಪ್ರವಾಹ ಮತ್ತು ಅರ್ಥಿಂಗ್ ಇಲ್ಲದಿರುವುದು ಕಾರಣವಾಗಿರಬಹುದು. ಚಿತ್ರದ ಕೇಬಲ್ ಎರಡೂ ಉಪಕರಣಗಳ ಕವಚಗಳನ್ನು ಒಂದಕ್ಕೊಂದು ಬೆಸೆಯುವುದರಿಂದ ಎರಡನ್ನೂ ಸರಿಯಾದ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ ಜೋಡಿಸಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಬಳಸಬಾರದು. ಅನುಮಾನವಿದ್ದರೆ ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಬೇಕು.

### ವಿದ್ಯುತ್ ಕಡಿತ

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಿಂದ ನಡೆಯುತ್ತದೆ, ಮಾನಿಟರ್ ಆರುತ್ತದೆ. ಆಗ ಮಾನಿಟರಿನಲ್ಲಿದ್ದ ಕಿಟಕಿಗಳು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಪರದೆಗೆ ಮರಳುತ್ತವೆ. ಮರಳದಿದ್ದರೆ ಕೇಬಲನ್ನು ಕಳಚಿದರೆ ಸಾಕು. ಲ್ಯಾಪ್‌ಟಾಪ್ ಮುಚ್ಚಿ ಮಾನಿಟರಿನಲ್ಲಷ್ಟೇ ಕೆಲಸ ಮಾಡುತ್ತಿದ್ದರೆ ಅದು ನಿದ್ರಾಸ್ಥಿತಿಗೆ ಹೋಗಿ ಆನ್‌ಲೈನ್ ಸಭೆ ಅಥವಾ ಪರೀಕ್ಷೆಯ ಸಂಪರ್ಕ ಕಡಿದುಹೋಗಬಹುದು. ಹಾಗಾಗಿ ಅಂತಹ ಸಂದರ್ಭದಲ್ಲಿ ಮುಚ್ಚಳ ತೆರೆದಿಡುವುದು ಕ್ಷೇಮ. 24 ಅಂಗುಲದ ಎಲ್‌ಇಡಿ ಮಾನಿಟರಿಗೆ ಸಾಮಾನ್ಯವಾಗಿ 15ರಿಂದ 30 ವಾಟ್ ಸಾಕು. ಆದ್ದರಿಂದ ಮನೆಯ ಇನ್ವರ್ಟರ್ ಅಥವಾ ಚಿಕ್ಕ ಯುಪಿಎಸ್ ಅದನ್ನು ನಡೆಸಬಲ್ಲದು.

### ತೇವ

ಮಳೆಗಾಲದ ತೇವದಿಂದ ಪೋರ್ಟಿನ ಪಿನ್‌ಗಳು ಕಿಲುಬು ಹಿಡಿಯಬಹುದು. ಬಳಸದ ಕೇಬಲ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬದಲ್ಲಿಡುವುದು, ಮಾನಿಟರನ್ನು ತೇವ ಹೀರುವ ಗೋಡೆಯಿಂದ ದೂರವಿಡುವುದು ಉಪಯುಕ್ತ.

## ಸಾಮಾನ್ಯ ತೊಂದರೆಗಳು

- ಸಂಕೇತವಿಲ್ಲ ಎಂಬ ಸೂಚನೆ: ಮಾನಿಟರಿನ ಇನ್‌ಪುಟ್ ಆಯ್ಕೆಯನ್ನು ನೋಡಿ, ನಂತರ ಬೇರೆ ಕೇಬಲಿನಿಂದ ಪರೀಕ್ಷಿಸಬೇಕು.
- ಚಿತ್ರ ಮಿನುಗುವುದು: ಕೇಬಲ್ ಉದ್ದವಾಗಿರುವುದು ಅಥವಾ ಅದರ ಸಾಮರ್ಥ್ಯ ಸಾಲದಿರುವುದು ಕಾರಣವಿರಬಹುದು. ಚಿಕ್ಕ ಕೇಬಲ್ ಬಳಸಬೇಕು, ಇಲ್ಲವೇ ರಿಫ್ರೆಶ್ ರೇಟ್ ಇಳಿಸಬೇಕು.
- ಧ್ವನಿ ಬಾರದಿರುವುದು: ಸ್ಪೀಕರ್ ಇಲ್ಲದ ಮಾನಿಟರಿಗೆ ಧ್ವನಿ ಹೋಗುತ್ತಿರಬಹುದು, ಧ್ವನಿ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್ ಸ್ಪೀಕರನ್ನು ಆರಿಸಬೇಕು.
- ಪರದೆ ಕಪ್ಪಾಗಿಯೇ ಉಳಿಯುವುದು: ವಿಂಡೋಸ್‌ನಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಚಾಲಕ ತಂತ್ರಾಂಶ ಮರುಚಾಲನೆಗೊಳ್ಳುತ್ತದೆ.
- ಎರಡನೆಯ ಬಾಹ್ಯ ಮಾನಿಟರ್ ಕಾಣದಿರುವುದು: ಬೆಂಬಲಿಸುವ ಪರದೆಗಳ ಸಂಖ್ಯೆಗೆ ಲ್ಯಾಪ್‌ಟಾಪ್‌ನಲ್ಲೇ ಮಿತಿ ಇರಬಹುದು. ಉದಾಹರಣೆಗೆ, 2020ರ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಒಂದೇ ಬಾಹ್ಯ ಮಾನಿಟರನ್ನು ಬೆಂಬಲಿಸುತ್ತದೆ.

## ಇವನ್ನೂ ನೋಡಿ

- ಎಚ್‌ಡಿಎಂಐ
- ಯುಎಸ್‌ಬಿ
- ಭೂಮಿ (ಭೂದಾಖಲೆ ಯೋಜನೆ)
- ಮಿಂಚು