ಕಾವಲಿನ ಹುಲ್ಲು, ಸ್ಕ್ರೀನಿನ ಸೈನ್ಯ

ಒಂದು ಬೇಸಿಗೆಯಲ್ಲಿ ಚಳ್ಳಕೆರೆ ಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಸ್ನೇಹಿತರ ಮನೆ. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಹದಿಮೂರು ವರ್ಷದ ಹುಡುಗ ಹಳೇ ಲ್ಯಾಪ್‌ಟಾಪ್ ಮುಂದೆ ಕೂತು ಸಾಮ್ರಾಜ್ಯ ಕಟ್ತಾ ಇದ್ದ. ಏಜ್ ಆಫ್ ಎಂಪೈರ್ಸ್ ಅನ್ನೋ ಗೇಮು. "ಯಾವ ದೇಶನಪ್ಪಾ ನಿಂದು?" ಅಂದೆ. "ಇಂಡಿಯಾ ಅಂಕಲ್" ಅಂದ. ಕಣ್ಣು ಎತ್ತಲಿಲ್ಲ.

ಸ್ಕ್ರೀನ್ ಮೇಲೆ ಒಂದು ಬೇಲಿ. ಒಳಗೆ ಹಸುಗಳು. "ಇವನ್ನ ಯಾಕೆ ಕೂಡಿಹಾಕಿದೀಯ?" ಅಂತ ಕೇಳಿದೆ. "ಇವು ಸುಮ್ನೆ ನಿಂತ್ರೂ ಪಾಯಿಂಟ್ ಬರುತ್ತೆ ಅಂಕಲ್. ಬೇರೆ ದೇಶದವರು ದನ ಕಡಿದು ಊಟಕ್ಕೆ ಹಾಕ್ಕೋಬಹುದು. ಇಂಡಿಯಾದವರಿಗೆ ಆಗಲ್ಲ." ಜಗಲಿ ಮೇಲಿದ್ದ ಅವನ ತಾತ ನಕ್ಕರು. "ನಮ್ಮ ದನಾನೂ ಹಂಗೇ ಸಾಮಿ, ನಿಂತಲ್ಲೇ ಸಂಪಾದ್ನೆ ಮಾಡ್ತಿದ್ವು. ಕಾವಲು ನಮಗಿದ್ದಾಗ."

ಅವರು ಹೇಳಿದ್ದು ವರವು ಕಾವಲ್ ಬಗ್ಗೆ. ಅಮೆರಿಕದಲ್ಲಿ ಹುಟ್ಟಿದ ಗೇಮಿಗೂ ಚಳ್ಳಕೆರೆಯ ಹುಲ್ಲಿಗೂ ಏನು ಸಂಬಂಧ ಅಂತೀರಾ? ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ.

17ನೇ ಶತಮಾನದ ಕೊನೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು. ಅರಮನೆಗೆ ಹಾಲು, ಬೆಣ್ಣೆ ಒದಗಿಸೋ ದನಗಳಿಗೆ ಒಂದು ಇಲಾಖೆ ಇತ್ತು, ಹೆಸರು ಬೆಣ್ಣೆ ಚಾವಡಿ. ಆ ದನಗಳ ಮೇವಿಗೆ ರಾಜ್ಯದ ಉದ್ದಗಲಕ್ಕೂ ಹುಲ್ಲುಗಾವಲು ಮೀಸಲಿಟ್ಟರು. ಅವೇ ಕಾವಲುಗಳು. ಬೇಸಿಗೆಗೆ ಕೆಲವು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು. ಒಂದು ಕಡೆ ಹುಲ್ಲು ಮುಗಿಯೋ ಮುಂಚೆ ಇನ್ನೊಂದು ಕಡೆಗೆ ದನ ಹೊಡೀಬೇಕು. ಹುಡುಗ ಗೇಮ್‌ನಲ್ಲಿ ಮಾಡ್ತಿದ್ದ ಲೆಕ್ಕಾಚಾರ ಇದೇ ಅಲ್ವಾ?

ಹೈದರಾಲಿ ಈ ದನಗಳಲ್ಲಿ ಬೆಣ್ಣೆ ನೋಡಲಿಲ್ಲ, ಫಿರಂಗಿ ನೋಡಿದ. ತೋಪು ಎಳೆಯೋಕೆ ಈ ಎತ್ತುಗಳನ್ನು ಬಿಟ್ಟರೆ ಇಲ್ಲ. ಚಿದಂಬರದ ನೆರವಿಗೆ ಹೋಗುವಾಗ ಅವನ ಸೈನ್ಯ ಎರಡೂವರೆ ದಿನಕ್ಕೆ 100 ಮೈಲಿ ನಡೆದಿದ್ದು ಈ ಎತ್ತುಗಳ ಬಲದಿಂದ ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಟಿಪ್ಪು ಈ ಇಲಾಖೆಗೆ ಅಮೃತ ಮಹಲ್ ಅಂತ ಹೆಸರಿಟ್ಟ, ದನ ಸಾಕೋಕೆ ಹುಕುಂನಾಮೆಯನ್ನೇ ಹೊರಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕಂಪನಿ ಈ ದನಗಳನ್ನೂ ಕಾವಲುಗಳನ್ನೂ ತನ್ನ ಕೈಗೆ ತಗೊಂಡಿತು. 1860ರಲ್ಲಿ ಖರ್ಚು ಉಳಿಸ್ತೀವಿ ಅಂತ ದನಗಳನ್ನು ಮಾರಿಬಿಟ್ಟರು. ಆಮೇಲೆ ಗೊತ್ತಾಯ್ತು, ಅಂಥ ಎತ್ತು ಬೇರೆಲ್ಲೂ ಸಿಗಲ್ಲ ಅಂತ. 1866ರಲ್ಲಿ ಮತ್ತೆ ಶುರು ಮಾಡಿದರು. ಬ್ರಿಟಿಷರಿಗೂ ಬುದ್ಧಿ ಬರೋಕೆ ಆರು ವರ್ಷ ಬೇಕಾಯ್ತು ನೋಡಿ.

ಅದೇ ಕಾಲಕ್ಕೆ ಮೈಸೂರು ಅರಮನೆಯಲ್ಲಿ ಇನ್ನೊಂದು ಆಟ ನಡೀತಿತ್ತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಂಪನಿ ಆಡಳಿತ ಕಿತ್ತುಕೊಂಡಿತ್ತು. ಪಟ್ಟ ಇದೆ, ಅಧಿಕಾರ ಇಲ್ಲ. ಆ ದೊರೆ ಏನು ಮಾಡಿದರು? ಮಣೆಯಾಟಗಳನ್ನು ಕಟ್ಟಿದರು. ಚದುರಂಗದ ಕುದುರೆ ಒಂದೊಂದು ಮನೆಗೂ ಒಂದೇ ಸಲ ಹೋಗಿ ಇಡೀ ಮಣೆ ಸುತ್ತೋ ಲೆಕ್ಕ ಬಿಡಿಸಿದರು. ಅವರ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳು, ಕೊನೆಯದು ಕೌತುಕನಿಧಿ. ಅದರ ತುಂಬಾ ಇಂಥ ಆಟಗಳೇ. ರಾಜ್ಯ ಕಳಕೊಂಡ ದೊರೆ ಮಣೆ ಮೇಲೆ ಇನ್ನೊಂದು ಲೋಕ ಕಟ್ಟಿದ. ಇವತ್ತು ನಾವು ಫ್ಯಾಂಟಸಿ ಅನ್ನೋದು ಇದನ್ನೇ ಅಲ್ವಾ?

ಹೊರಗಿನ ಪ್ರಪಂಚದಲ್ಲೂ ಹೀಗೇ ಆಯ್ತು. ನಾಲ್ಕು ಅಂಗದ ಸೈನ್ಯದ ನಮ್ಮ ಚತುರಂಗ ಪರ್ಷಿಯಾ ದಾಟಿ ಯುರೋಪಿಗೆ ಹೋಯ್ತು. 1824ರಲ್ಲಿ ಪ್ರಶ್ಯಾದ ಸೇನೆ ನಕ್ಷೆ ಹಾಸಿ, ದಾಳ ಹಾಕಿ ಯುದ್ಧದ ಆಟ ಆಡಿ ಅಧಿಕಾರಿಗಳಿಗೆ ತರಬೇತಿ ಕೊಟ್ಟಿತು. ಯುದ್ಧದಾಟದ ಹುಚ್ಚಿದ್ದ ಅಮೆರಿಕದ ಇಬ್ಬರು 1974ರಲ್ಲಿ ಸೈನ್ಯದ ಬದಲು ಒಬ್ಬೊಬ್ಬ ವೀರನ ಪಾತ್ರ ಕೊಟ್ಟು, ಡ್ರ್ಯಾಗನ್, ಮಂತ್ರವಾದಿ ಸೇರಿಸಿದರು. ಅದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1994ಕ್ಕೆ ವಾರ್‌ಕ್ರಾಫ್ಟ್, 1997ಕ್ಕೆ ಏಜ್ ಆಫ್ ಎಂಪೈರ್ಸ್. ಆ ಹುಡುಗ ಹಸು ಕೂಡಿಹಾಕಿದ್ದನಲ್ಲ, ಆ ಏಷ್ಯಾದ ಕಂತು ಬಂದಿದ್ದು 2007ರಲ್ಲಿ.

1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರ‍್ಯಾಕ್ಟಿವ್ ಅನ್ನೋ ಕಂಪನಿ ಹುಟ್ಟಿತು. ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ನಮ್ಮ ಹುಡುಗರು ವಿದೇಶಿ ಗೇಮ್‌ಗಳಿಗೆ ಚಿತ್ರ, ಗಾಡಿ, ಕಟ್ಟಡ ಎಲ್ಲಾ ಮಾಡಿಕೊಟ್ಟರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಕೈ ನಮ್ಮದು, ಕಥೆ ಅವರದು.

ನಮ್ಮಲ್ಲಿ ಕಥೆ ಇಲ್ವಾ ಸ್ವಾಮಿ? ಇದೇ ಸೀಮೆಯಲ್ಲಿ ಮ್ಯಾಸಬೇಡರು ದೇವರ ಎತ್ತು ಅಂತ ಹಿಂಡುಹಿಂಡೇ ಸಾಕ್ತಾರೆ. ಆ ಎತ್ತುಗಳನ್ನು ನೊಗಕ್ಕೆ ಕಟ್ಟಲ್ಲ. ಕಾಯೋನು ಕಿಲಾರಿ. ಅವರ ಹಾಡುಗಳಲ್ಲಿ ಗಾದ್ರಿಪಾಲನಾಯಕ. ಕಾಡುಗೊಲ್ಲರ ಹಾಡುಗಳಲ್ಲಿ ಗಣೆ ಊದೋ ಜುಂಜಪ್ಪ. ಇಬ್ಬರೂ ದನ ಕಾಯೋ ವೀರರು. ಇದಕ್ಕಿಂತ ದೊಡ್ಡ ರೋಲ್ ಪ್ಲೇ ಬೇಕಾ?

ಈಗ ವರವು ಕಾವಲಿಗೆ ಬರೋಣ. ಇಲ್ಲಿನ 4,290 ಎಕರೆ ಡಿಆರ್‌ಡಿಒಗೆ ಹೋಯ್ತು. ಸುತ್ತಲಿನ ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಐಐಎಸ್‌ಸಿ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಜಾಗ ಸಿಕ್ಕಿತು. ಕುರಿ, ದನ ನಂಬಿದ ಹಳ್ಳಿಯವರ ಎದುರಿಗೆ ಗೋಡೆ ಎದ್ದಿತು. ವ್ಯಾಜ್ಯ ಚೆನ್ನೈನ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. 2016ರ ನವೆಂಬರ್‌ನಲ್ಲಿ ಇಲ್ಲಿಂದಲೇ ರುಸ್ತುಂ-2 ಡ್ರೋನ್ ಮೊದಲ ಸಲ ಹಾರಿತು. 2017ರ ಮೇ 28ರಂದು ಅರುಣ್ ಜೇಟ್ಲಿ ಈ ಪರೀಕ್ಷಾ ನೆಲೆಯನ್ನು ಉದ್ಘಾಟಿಸಿದರು.

ಡ್ರೋನ್ ಓಡಿಸೋದು ಹೇಗೆ ಗೊತ್ತಾ? ಪೈಲಟ್ ನೆಲದ ಮೇಲೆ, ಸ್ಕ್ರೀನ್ ಮುಂದೆ ಕೂತಿರ್ತಾನೆ. ಆ ಹುಡುಗನ ಹಾಗೇ. ಒಂದೇ ವ್ಯತ್ಯಾಸ. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ತಿರ ಡ್ರೋನ್ ಒಂದು ಬಿತ್ತು. ಬಿದ್ದಿದ್ದು ನಿಜವಾದ ತೋಟದಲ್ಲಿ. ಅಲ್ಲಿ ರೀಸ್ಟಾರ್ಟ್ ಬಟನ್ ಇರಲಿಲ್ಲ.

ದೇಶಕ್ಕೆ ಡ್ರೋನ್ ಬೇಡ್ವಾ? ಖಂಡಿತ ಬೇಕು. ಹೈದರನಿಗೆ ಎತ್ತು ಹೇಗೆ ಬೇಕಾಗಿತ್ತೋ ನಮಗೆ ಡ್ರೋನ್ ಹಾಗೆ ಬೇಕು. ಅಂದಿಗೂ ಇಂದಿಗೂ ಈ ನೆಲ ಯುದ್ಧಕ್ಕೇ ಮೀಸಲು. ಆದ್ರೆ ಅಂದು ಸೈನ್ಯದ ಬಲ ಇದ್ದಿದ್ದೇ ಹುಲ್ಲಿನಲ್ಲಿ, ಹಾಗಾಗಿ ದೊರೆ ಹುಲ್ಲು ಕಾದ. ಇಂದಿನ ಸೈನ್ಯಕ್ಕೆ ಹುಲ್ಲು ಬೇಡ, ಬಯಲು ಮಾತ್ರ ಸಾಕು. ಹುಲ್ಲು ಬೇಕಾಗಿರೋದು ಆ ತಾತನಿಗೆ. ಅವರ ಲೆಕ್ಕ ಯಾರು ಇಟ್ಟರು?

ಹೊರಡುವಾಗ ಹುಡುಗನಿಗೆ ಬೆಣ್ಣೆ ಚಾವಡಿ ಕಥೆ ಹೇಳಿದೆ. ಮೊದಲ ಸಲ ಸ್ಕ್ರೀನ್‌ನಿಂದ ಕಣ್ಣು ಎತ್ತಿದ. "ನಿಜಾನಾ ಅಂಕಲ್? ಇಲ್ಲೇನಾ?" ಅಂದ. "ತಾತನ್ನ ಕೇಳಪ್ಪಾ" ಅಂದೆ. ಗೇಮ್ ನಿಲ್ಲಿಸಿ ಜಗಲಿಗೆ ಹೋಗಿ ಕೂತ.

ಮಕ್ಕಳ ಕೈಯಿಂದ ಗೇಮ್ ಕಿತ್ತುಕೊಳ್ಳಬೇಡಿ. ಅದರಲ್ಲಿರೋ ಹಸು ಎಲ್ಲಿಂದ ಬಂತು ಅಂತ ಹೇಳಿ, ಸಾಕು.