ಕುಲುಮೆಯ ಉಕ್ಕಿನಿಂದ ಬಕೆಟ್ಟಿನ ಹಲ್ಲಿನವರೆಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಮಣ್ಣು ಅಗೆಯುವ ಯಂತ್ರಗಳ ಮಾಲೀಕರು ಅಥವಾ ಚಾಲಕರು. ಹೊರಕೆರೆದೇವಪುರದ ಸುತ್ತಮುತ್ತ ಕೆರೆಯ ಹೂಳೆತ್ತುವುದಿರಲಿ, ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುವುದಿರಲಿ, ಜೆಸಿಬಿ, ಹಿಟಾಚಿಗಳಿಲ್ಲದೆ ಈಗ ಕೆಲಸ ಸಾಗದು. ಭೇಟಿಯಾದಾಗ ಅವರು ಸಾಲದ ಕಂತಿನ ಜೊತೆಗೆ ಹೇಳಿಕೊಳ್ಳುವ ಇನ್ನೊಂದು ಕಷ್ಟವೆಂದರೆ ಬಕೆಟ್ಟಿನ ಹಲ್ಲುಗಳ ಸವೆತ. "ಎಲ್ಲಕ್ಕಿಂತ ಗಟ್ಟಿಯಾದ ಉಕ್ಕು ಯಾವುದು ಸಾರ್?" ಎಂದು ಕೇಳುತ್ತಾರೆ. ನಾನು ಚರಿತ್ರೆಯ ಪಾಠ ಹೇಳಿದವನು. ಆದರೂ ಈ ಪ್ರಶ್ನೆಗೆ ಚರಿತ್ರೆಯಲ್ಲಿಯೇ ಒಂದು ಉತ್ತರವಿದೆ ಎಂಬುದು ನನ್ನ ನಂಬಿಕೆ.

ನಮ್ಮ ಹಳ್ಳಿಗಳ ಕಮ್ಮಾರರು ಕೊಡಲಿಯನ್ನಾಗಲಿ ಪಿಕಾಸಿಯನ್ನಾಗಲಿ ಪೂರ್ತಿಯಾಗಿ ಉಕ್ಕಿನಿಂದ ಮಾಡುತ್ತಿರಲಿಲ್ಲ. ಮೈ ಮೆದು ಕಬ್ಬಿಣದ್ದು. ಬಾಯಿಗೆ ಮಾತ್ರ ಒಂದು ತುಂಡು ಉಕ್ಕನ್ನು ಕಾಯಿಸಿ, ಬಡಿದು, ಬೆಸೆಯುತ್ತಿದ್ದರು. ಇದನ್ನು ಜನ 'ಉಕ್ಕು ಹಾಕಿಸುವುದು' ಎನ್ನುತ್ತಿದ್ದರು. ಉಕ್ಕು ದುಬಾರಿಯೆಂಬುದು ಇದಕ್ಕೆ ಒಂದು ಕಾರಣ. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಗಡಸಾದದ್ದು ಸವೆಯುವುದಿಲ್ಲ, ಆದರೆ ಪೆಡಸಾಗಿ ಮುರಿಯುತ್ತದೆ, ಮೆದುವಾದದ್ದು ಸವೆಯುತ್ತದೆ, ಆದರೆ ಪೆಟ್ಟನ್ನು ತಡೆಯುತ್ತದೆ. ಎರಡು ಗುಣಗಳನ್ನೂ ಒಂದೇ ಉಪಕರಣದಲ್ಲಿ ಕೂಡಿಸುವುದೇ ಕಮ್ಮಾರನ ವಿದ್ಯೆಯಾಗಿತ್ತು.

ಆ ಉಕ್ಕು ಬಹಳ ದೂರದಿಂದ ಬರುತ್ತಿರಲಿಲ್ಲ. ಟಿಪ್ಪುವಿನ ಪತನದ ನಂತರ, 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿತ್ರದುರ್ಗವನ್ನೂ ಕಂಡವನು. ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಬಳಿ ಉಕ್ಕು ಮಾಡುವ ಕ್ರಮವನ್ನು ಆತ ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿಯನ್ನು ಮಣ್ಣಿನಿಂದ ಮುಚ್ಚಿ, ತಿದಿಯೊತ್ತಿ ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆಯ ಇಂಗಾಲ ಕಬ್ಬಿಣದೊಳಗೆ ಸೇರಿ, ಅದು ಕರಗಿ ಉಕ್ಕಾಗುತ್ತಿತ್ತು. ಇಂತಹ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸಾಮಾನ್ಯವಾಗಿ ಶೇಕಡ 1.5ರ ಆಸುಪಾಸು. ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು ಇದರಿಂದಾಗುತ್ತಿದ್ದವು. ಚನ್ನಪಟ್ಟಣವಂತೂ ವಾದ್ಯಗಳ ಉಕ್ಕಿನ ತಂತಿಗೆ ಹೆಸರಾಗಿತ್ತು.

ನಮ್ಮ 'ಉಕ್ಕು' ಎಂಬ ಪದವೇ ಇಂಗ್ಲಿಷರ ಬಾಯಲ್ಲಿ 'ವೂಟ್ಜ್' ಆಯಿತೆಂದು ವಿದ್ವಾಂಸರಲ್ಲಿ ಅನೇಕರು ಹೇಳುತ್ತಾರೆ. 1790ರ ದಶಕದಲ್ಲಿ ಇದರ ಮಾದರಿಗಳು ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ವಿದ್ಯುತ್ತಿನ ಪಾಠದಲ್ಲಿ ನೀವೆಲ್ಲ ಹೆಸರು ಕೇಳಿರುವ ಮೈಕೆಲ್ ಫ್ಯಾರಡೆ ತನ್ನ ಯೌವನದಲ್ಲಿ ಇದೇ ಉಕ್ಕಿನ ಗುಟ್ಟನ್ನು ಹುಡುಕಿದ. ಚೂರಿ ತಯಾರಕ ಜೇಮ್ಸ್ ಸ್ಟೋಡಾರ್ಟನೊಂದಿಗೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿ, 1820 ಮತ್ತು 1822ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ. ಮಿಶ್ರಲೋಹದ ಉಕ್ಕಿನ ಶಾಸ್ತ್ರಕ್ಕೆ ಇದು ಮೊದಲ ಹೆಜ್ಜೆಗಳಲ್ಲೊಂದು.

ಆ ಹಾದಿಯಲ್ಲಿ ಮುಂದೆ ಬಂದವನು ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್. 1882ರಲ್ಲಿ ಆತ ಉಕ್ಕಿಗೆ ಶೇಕಡ 12ರಷ್ಟು ಮ್ಯಾಂಗನೀಸ್ ಸೇರಿಸಿದಾಗ ವಿಚಿತ್ರವಾದ ಲೋಹವೊಂದು ದೊರೆಯಿತು. ಮೊದಲಿಗೆ ಅದು ಅಷ್ಟೇನೂ ಗಡಸಲ್ಲ. ಪೆಟ್ಟು ಬಿದ್ದಂತೆಲ್ಲ ಅದರ ಮೇಲ್ಮೈ ಗಡಸಾಗುತ್ತದೆ, ಒಳಮೈ ಮಾತ್ರ ಮುರಿಯದೆ ತಾಳಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಜಲ್ಲಿ ಕ್ರಷರುಗಳ ದವಡೆಗಳಿಗೆ ಇಂದಿಗೂ ಈ ಜಾತಿಯ ಉಕ್ಕೇ ಒಗ್ಗುತ್ತದೆ. ಆದರೆ ಕೆರೆಯ ಮರಳು ಮಿಶ್ರಿತ ಹೂಳಿನಲ್ಲಿ ಪೆಟ್ಟಿಲ್ಲ, ಉಜ್ಜಾಟ ಮಾತ್ರ. ಅಲ್ಲಿ ಇದು ಗಡಸಾಗುವ ಮೊದಲೇ ಸವೆದುಹೋಗುತ್ತದೆ. ಹೆಸರು ಕೇಳಿ ಕೊಂಡವರು ಮೋಸಹೋಗುವುದು ಇಲ್ಲಿಯೇ.

ಹೂಳಿಗೂ ಕೆಂಪು ಗರಸಿಗೂ ಬೇಕಾದುದು ಕಾಯಿಸಿ, ಥಟ್ಟನೆ ತಣಿಸಿ, ಹದಗೊಳಿಸಿದ ಉಕ್ಕು. ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ತೋರಿಸಿಕೊಟ್ಟ ಪರೀಕ್ಷೆಯಲ್ಲಿ ಗಟ್ಟಿ ಗುಂಡೊಂದನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯ ಅಗಲದಿಂದ ಗಡಸುತನವನ್ನು ಅಳೆಯುತ್ತಾರೆ. ಬಕೆಟ್ಟಿಗೆ ಹೊದಿಸುವ ತಗಡುಗಳ ಹೆಸರಿನಲ್ಲಿ ಕಾಣುವ 400, 450, 500 ಎಂಬ ಸಂಖ್ಯೆಗಳು ಈ ಅಳತೆಯವು. ಸಂಖ್ಯೆ ಏರಿದಂತೆ ಸವೆತ ಕಡಿಮೆ. ಬಂಡೆಗೆ ಬಡಿದಾಗ ಬಿರುಕು ಬಿಡುವ ಭಯ ಹೆಚ್ಚು, ಬೆಸುಗೆಯೂ ಕಷ್ಟ. ಇಂತಹ ತಗಡನ್ನು ಸುಮಾರು 250 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಹದ ಕೆಟ್ಟು ಮೆದುವಾಗುತ್ತದೆ. ಆದ್ದರಿಂದ ವೆಲ್ಡಿಂಗ್ ಅಂಗಡಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದ ದುಬಾರಿ ಉಕ್ಕು ಸಾಧಾರಣ ಕಬ್ಬಿಣಕ್ಕಿಂತ ಹೆಚ್ಚೇನೂ ಬಾಳದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಹಲ್ಲಿನ ರಚನೆಯನ್ನು ನೋಡಿ. ಬಕೆಟ್ಟಿನ ಅಂಚಿಗೆ ಬೆಸೆದ ಅಡಾಪ್ಟರ್ ಪೆಟ್ಟು ತಡೆಯುವಂತಹುದು. ಅದರ ಮೇಲೆ ಪಿನ್ನಿನಿಂದ ಕೂಡಿಸಿದ ಹಲ್ಲು ಸವೆಯಲೆಂದೇ ಇರುವುದು. ಹಲ್ಲು ಪೂರ್ತಿ ಸವೆಯುವವರೆಗೂ ಕಾದರೆ ಅಡಾಪ್ಟರ್ ಸವೆಯತೊಡಗುತ್ತದೆ, ಖರ್ಚು ಇಮ್ಮಡಿಸುತ್ತದೆ. ಕೊಡಲಿಯ ಬಾಯಿಗೆ ಮಾತ್ರ ಉಕ್ಕು ಹಾಕುತ್ತಿದ್ದ ಕಮ್ಮಾರನ ವಿವೇಕವೇ ಇಲ್ಲಿ ಬೇರೆ ರೂಪದಲ್ಲಿದೆ. ಆದ್ದರಿಂದ 'ಎಲ್ಲಕ್ಕಿಂತ ಗಟ್ಟಿ ಯಾವುದು' ಎಂಬುದು ಸರಿಯಾದ ಪ್ರಶ್ನೆಯಲ್ಲ; 'ಈ ಮಣ್ಣಿಗೆ, ಈ ಪೆಟ್ಟಿಗೆ ಯಾವ ಹದ' ಎಂದು ಕೇಳಬೇಕು.

ಇಷ್ಟು ತಿಳಿದಿದ್ದ ನಾಡಿನ ಕುಲುಮೆಗಳು ಏಕೆ ಆರಿದವು? ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣದೆದುರು ಅವು ನಿಲ್ಲಲಾರದಾದವು. ಅರಣ್ಯ ಕಾನೂನುಗಳು ಬಿಗಿಯಾದಂತೆ ಇದ್ದಿಲೂ ದುರ್ಲಭವಾಯಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಇದ್ದಿಲಿನಿಂದಲೇ ಕಬ್ಬಿಣ ಕರಗಿಸತೊಡಗಿದಾಗ ಈ ಕಸುಬು ಬೇರೆ ಪ್ರಮಾಣದಲ್ಲಿ ಮರಳಿತು, ನಿಜ. ಆದರೆ ಹಳ್ಳಿಯ ಉಕ್ಕಿನವರು ಮರಳಲಿಲ್ಲ. ನಮ್ಮ ಜಿಲ್ಲೆಯ ಗುಡ್ಡಗಳಿಂದ ಅದಿರು ಲಾರಿ ಲಾರಿಯಾಗಿ ಹೊರಗೆ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗದ ಗಣಿಗಾರಿಕೆಯನ್ನು ತಡೆಯುವ ಮಟ್ಟಕ್ಕೆ ಮುಟ್ಟಿತು. ಅದಿರು ನಮ್ಮದಾಗಿ, ವಿದ್ಯೆ ಅನ್ಯರದಾದ ಕಥೆ ಇದು.

ಉಳಿದಿರುವ ಕುರುಹು ಕಿಟ್ಟ ಮಾತ್ರ. ಕಬ್ಬಿಣ ಕರಗಿಸಿದ ಜಾಗದಲ್ಲಿ ಬಿದ್ದಿರುವ, ತೂತುತೂತಾದ, ತೂಕದ ಕಪ್ಪು ಕಲ್ಲಿನಂತಹ ಕಸ ಅದು. ಹೊಸದುರ್ಗ ತಾಲ್ಲೂಕಿನ ದೊಡ್ಡಕಿಟ್ಟದಹಳ್ಳಿಯ ಹೆಸರಿನಲ್ಲಿ ನನಗೆ ಆ ಪದವೇ ಕೇಳಿಸುತ್ತದೆ. ಇಂತಹ ಗುಡ್ಡೆಗಳನ್ನು ಹೊಲ ಮಟ್ಟ ಮಾಡುವ ಭರದಲ್ಲಿ ಅಳಿಸಿಹಾಕಲು ಒಂದು ಗಳಿಗೆ ಸಾಕು. ಯಂತ್ರ ನಡೆಸುವ ನನ್ನ ಪ್ರಿಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಬಕೆಟ್ಟಿಗೆ ಕಿಟ್ಟವಾಗಲಿ, ಸುಟ್ಟ ಮಣ್ಣಿನ ಮೂಸೆಯ ಚೂರಾಗಲಿ ಸಿಕ್ಕಿದರೆ ಒಂದು ಕ್ಷಣ ಯಂತ್ರ ನಿಲ್ಲಿಸಿ, ಸರ್ವೆ ನಂಬರು ಬರೆದುಕೊಳ್ಳಿ, ಫೋಟೋ ತೆಗೆದು ನನಗೆ ತಿಳಿಸಿ. ನಿಮ್ಮ ಬಕೆಟ್ಟಿನ ಹಲ್ಲಿಗೂ ಆ ಮೂಸೆಗೂ ನಂಟಿದೆ.